ಹಸಿರು ಸೀಮೆಸುಣ್ಣ

ಬಾಗಿಲನ್ನು ಯಾರೋ ಮೂರು ಸಲ ಬಡಿದರು. ವನಮಾಲಾ ಟೀಚರ್ ದೀಪ ಹಾಕಿ ಗಡಿಯಾರ ನೋಡಿದರು. ಇನ್ನೂ ನಾಲ್ಕೂವರೆ. ಕಿಂಡಿಯಲ್ಲಿ ಕಣ್ಣಿಟ್ಟರೆ ಹೊರಗೆ ನಿಂತಿದ್ದವರು ಮೂರನೆಯ ಮಹಡಿಯ ಸುಂದರಿ.

"ಟೀಚರೇ, ಒಂದು ಚಾಕ್‌ಪೀಸ್ ಉಂಟಾ? ಬಿಳಿಯದ್ದು."

"ಈ ಹೊತ್ತಿನ್ಯಾಗ ಏನ್ರಿ ಅಕ್ಕಾರ? ಹಾಲಿನಾವ ಸುದ್ದಾ ಬಂದಿಲ್ಲಲ್ರಿ!"

"ಡಬ್ಬಿಯಲ್ಲಿ ಮುಗಿದಿದೆ. ಐದು ಗಂಟೆ ಆಗ್ತಾ ಬಂತು."

ಶಾಲೆ ಬಿಟ್ಟು ಎರಡು ವರ್ಷವಾಗಿದ್ದರೂ ಟೀಚರ ಮೇಜಿನ ಖಾನೆಯಲ್ಲಿ ಸೀಮೆಸುಣ್ಣಕ್ಕೆ ಕೊರತೆಯಿರಲಿಲ್ಲ. ಎರಡು ತಂದು ಕೊಟ್ಟರು. ಸುಂದರಿ ಒಂದನ್ನಷ್ಟೇ ತೆಗೆದುಕೊಂಡು ಇನ್ನೊಂದನ್ನು ಮರಳಿಸಿದರು. ಅವರ ಎಡಗೈಯಲ್ಲಿ ಗೋಡೆ ಕ್ಯಾಲೆಂಡರಿನಿಂದ ಹರಿದ ಒಂದು ಹಾಳೆಯಿತ್ತು. ಮುಖದಲ್ಲಿ ಅಳುವಿರಲಿಲ್ಲ, ಅವಸರವಿತ್ತು. ಹೆಜ್ಜೆಯ ಸದ್ದು ಮೇಲಕ್ಕೆ ಹೋಗಲಿಲ್ಲ, ಕೆಳಕ್ಕೆ ಇಳಿಯಿತು.

ಅರ್ಧ ಗಂಟೆಯ ಮೇಲೆ ಟೀಚರಿಗೆ ವಿಷಯ ತಿಳಿಯಿತು. ಸುಂದರಿಯ ಗಂಡ ಪುಂಡರೀಕಾಕ್ಷರು ರಾತ್ರಿ ಎರಡು ಗಂಟೆಗೇ ತೀರಿಕೊಂಡಿದ್ದರು.

*

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ಶುಭಾಂಗಿ ಹೌಸಿಂಗ್ ಸೊಸೈಟಿಗೆ ಲಿಫ್ಟ್ ಇಲ್ಲ. ದೇಹವನ್ನು ಐದೂವರೆಗೆ ಕೆಳಗಿಳಿಸಿ ಮೆಟ್ಟಿಲ ಬುಡದ ಪಡಸಾಲೆಯಲ್ಲಿ ಮಲಗಿಸಿದ್ದರು. ಅಲ್ಲಿ ಬೇರೆ ಜಾಗವಿಲ್ಲದ್ದರಿಂದ ತಲೆ ಸರಿಯಾಗಿ ಕಪ್ಪುಹಲಗೆಯ ಕೆಳಗೆ ಬಂದಿತ್ತು.

ಆ ಹಲಗೆ ಪುಂಡರೀಕಾಕ್ಷರದೇ. 'ಇಂದಿನ ಹತ್ತು' ಎಂಬುದು ಅದರ ಶೀರ್ಷಿಕೆ. ದಿನ ಬೆಳಿಗ್ಗೆ ಐದಕ್ಕೆ ಅವರು ಇಳಿದು ಬಂದು ಹತ್ತು ಸಂಗತಿಗಳನ್ನು ಬರೆದು ಹೋಗುತ್ತಿದ್ದರು. ದೇಶವಿದೇಶದ ಸುದ್ದಿ, ಕಲೆ, ಭೂಗೋಳ, ವಿಜ್ಞಾನ, ಯಾವುದೂ ಅವರಿಗೆ ಹೊರಗಲ್ಲ. ಎರಡು ಸಾವಿರದ ಐದರ ಮಹಾಮಳೆಯ ಮರುದಿನ ಮೊಣಕಾಲುದ್ದ ನೀರಿನಲ್ಲಿ ನಿಂತು ಬರೆದಿದ್ದರು. ಪ್ಲೂಟೋ ಗ್ರಹಪದವಿ ಕಳೆದುಕೊಂಡ ದಿನ ಅದರ ಸುತ್ತ ಕಪ್ಪು ಅಂಚು ಬಿಡಿಸಲು ಹೋಗಿ, ಕಪ್ಪುಹಲಗೆಯ ಮೇಲೆ ಅದು ಕಾಣದೆ ಇಡೀ ಕಟ್ಟಡವನ್ನು ನಗಿಸಿದ್ದರು.

ಇಂದು, ಎರಡು ಸಾವಿರದ ಹದಿನಾಲ್ಕರ ಆಗಸ್ಟ್ ಎರಡರ ಶನಿವಾರದಂದು, ಬರೆಯುವವರು ಹಲಗೆಯ ಕೆಳಗೆ ಮಲಗಿದ್ದರು. ಆದರೂ ಹತ್ತು ಸಾಲುಗಳು ಮೇಲೆ ಇದ್ದವು! ರೊಸೆಟ್ಟಾ ನೌಕೆ ಇನ್ನು ನಾಲ್ಕು ದಿನದಲ್ಲಿ ಧೂಮಕೇತುವನ್ನು ತಲುಪಲಿದೆ. ಆಕ್ಟೋಪಸ್‌ಗೆ ಮೂರು ಹೃದಯ. ವಾರ್ಲಿ ಚಿತ್ರದ ಬಿಳಿ ಬಣ್ಣ ಅಕ್ಕಿ ಹಿಟ್ಟಿನದು. ಬದಲಾಪುರ ದಾಟಿ ಬರುವ ಉಲ್ಲಾಸ್ ನದಿ ವಸಯಿಯ ಅಳಿವೆಯನ್ನು ಸೇರುತ್ತದೆ. ಒಂಬತ್ತನೆಯದು ಎಲ್ಲರ ಬಾಯಲ್ಲೂ ಇದ್ದ ಸುದ್ದಿ: ನಿನ್ನೆ ಠಾಣೆ ಜಿಲ್ಲೆ ಒಡೆದು ಪಾಲ್ಘರ್ ಹುಟ್ಟಿತು, ಮಹಾರಾಷ್ಟ್ರದ ಒಟ್ಟು ಜಿಲ್ಲೆಗಳು 35.

"ಅಕ್ಷರ ಸುಂದರಿಯಕ್ಕನದು," ಎಂದು ಯಾರೋ ಪಿಸುಗುಟ್ಟಿದರು.

"ಹೌದು, ನಾನೇ ಬರೆದದ್ದು," ಎಂದರು ಸುಂದರಿ, ಗಂಡನ ತಲೆಯ ಬಳಿ ಕುಳಿತೇ. "ಅವರು ಹಾಳೆಯಲ್ಲಿ ಬರೆದಿಟ್ಟಿದ್ದರು. ನೋಡಿ ಬರೆಯಲು ನನಗೆ ಬರ್ತದೆ. ಖಾಲಿ ಬಿಡಬಾರದಲ್ಲ."

ಖಾಲಿ ಬಿಡಬಾರದು ಎಂಬುದಕ್ಕೆ ಕಾರಣ ಏಳು ಗಂಟೆಗೆ ಸರಿಯಾಗಿ ಮೆಟ್ಟಿಲಿಳಿದು ಬಂದಿತು. ಸೊಸೈಟಿಯ ಕಾರ್ಯದರ್ಶಿ ಅಶ್ವತ್ಥನಾರಾಯಣರು. ಮೈಸೂರಿನವರು, ಹಣಕಾಸು ಕಂಪನಿಯಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು. ಇಸ್ತ್ರಿಯಾದ ಅಂಗಿ, ಕಂಕುಳಲ್ಲಿ ಸೊಸೈಟಿಯ ದಾಖಲೆ ಪುಸ್ತಕ. ದೇಹಕ್ಕೆ ಕೈ ಮುಗಿದರು. ಆಮೇಲೆ ತಲೆಯೆತ್ತಿ ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಒಂಬತ್ತನೆಯ ಸಾಲಿನಲ್ಲಿ ಅವರ ಕಣ್ಣು ಒಂದು ಕ್ಷಣ ನಿಂತಂತಿತ್ತು. ಪುಸ್ತಕ ತೆರೆದು ಗುರುತು ಹಾಕಿದರು.

"ಇವತ್ತಾದರೂ ಆ ಬುಕ್ ಮನ್ಯಾಗ ಬಿಟ್ಟ ಬರಬಾರದೇನ್ರಿ?" ವನಮಾಲಾ ಟೀಚರ್ ಸಿಡಿದರು.

"ಸಭೆ ಮಾಡಿದ ಠರಾವು ಠರಾವೇ ಕಣ್ರೀ, ಮೇಡಮ್. ಬೆಳಿಗ್ಗೆ ಏಳಕ್ಕೆ ಬೋರ್ಡು ಒಂದೇ ಒಂದು ದಿನ ಖಾಲಿ ಇದ್ರೂ ಅದನ್ನ ಇಳಿಸಿ ಟಪಾಲು ಪೆಟ್ಟಿಗೆ ಹಾಕ್ಬೇಕು. ಇವತ್ತು ಇದೆ. ನಾಳೆ ಬೆಳಿಗ್ಗೆ ಏಳಕ್ಕೆ ಬಂದು ನೋಡ್ತೀನಿ."

ಹದಿನಾರು ತಗಡಿನ ಪೆಟ್ಟಿಗೆಗಳು ವರ್ಷಗಳಿಂದ ಮೆಟ್ಟಿಲ ಕೆಳಗೆ ಸಾಲಾಗಿ ಕಾಯುತ್ತಿದ್ದವು.

*

ಎಲ್ಲ ಶುರುವಾದದ್ದು ಎರಡು ಸಾವಿರದ ಮೂರರ ಗಣಪತಿ ಹಬ್ಬದಲ್ಲಿ.

ಪುಂಡರೀಕಾಕ್ಷರು ಆಗ ಠಾಣೆ ಸ್ಟೇಷನ್ ಬಳಿಯ ಒಂದು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಗಿರಾಕಿಗಳು ಮೇಜಿನ ಮೇಲೆ ಬಿಟ್ಟುಹೋದ ಪತ್ರಿಕೆಗಳೇ ಅವರ ಕಾಲೇಜು. ಸಾಂಬಾರಿನ ಕಲೆಯಾದ ಪುಟಗಳನ್ನು ಒರೆಸಿ, ನಾಲ್ಕು ಭಾಷೆಗಳಲ್ಲಿ ಓದಿ, ಬೇಕಾದದ್ದನ್ನು ಬಿಲ್ಲಿನ ಹಿಂಬದಿಗೆ ಗೀಚಿಕೊಂಡು ಕೊನೆಯ ಲೋಕಲಿನಲ್ಲಿ ಮನೆಗೆ ತರುತ್ತಿದ್ದರು. ಮನಸ್ಸು ಬಂದ ದಿನ ಹಲಗೆಯ ಮೇಲೆ ಬರೆಯುತ್ತಿದ್ದರು.

ಆ ಸಂಜೆ ಆರತಿಗೆ ಇಡೀ ಸೊಸೈಟಿ ನೆರೆದಿತ್ತು. ಹಲಗೆಯ ಮುಂದೆ ನಿಂತಿದ್ದ ಅಶ್ವತ್ಥನಾರಾಯಣರು ಗಟ್ಟಿಯಾಗಿ ನಕ್ಕರು.

"ಏನ್ರೀ ಪುಂಡರೀಕಾಕ್ಷ, ಆಸ್ಟ್ರೇಲಿಯಾದ ರಾಜಧಾನಿ ಸಿಡ್ನಿನಾ? ಕ್ಯಾನ್‌ಬೆರಾ ಕಣ್ರೀ! ಸಾಂಬಾರಿಗೆ ಬೆರೆಸಿದ ಹಾಗೆ ಜ್ಞಾನಕ್ಕೂ ನೀರು ಬೆರೆಸ್ತೀರಾ?"

ಎಲ್ಲರೂ ನಕ್ಕರು. ನಗಬಾರದಿತ್ತು ಎಂದು ಆಮೇಲೆ ಎಲ್ಲರಿಗೂ ಅನ್ನಿಸಿತು. ಪುಂಡರೀಕಾಕ್ಷರು ಹೆಗಲ ಮೇಲಿನ ಬಿಳಿ ಶಲ್ಯದಿಂದಲೇ ಹಲಗೆಯನ್ನು ಒರೆಸಿ ಮೇಲೆ ಹೋದರು. ಅಂದಿನಿಂದ ಅವರಿಬ್ಬರಿಗೆ ಮಾತಿಲ್ಲ. ಒಂಬತ್ತು ದಿನ ಹಲಗೆ ಕಪ್ಪಾಗಿಯೇ ಇತ್ತು.

ಹತ್ತನೆಯ ದಿನ ಸೊಸೈಟಿಯ ಸಭೆ. ಅಶ್ವತ್ಥನಾರಾಯಣರು ಎದ್ದು ನಿಂತು ಠರಾವು ಮಂಡಿಸಿದರು: ಬರೆದರೆ ದಿನವೂ ಬರೆಯಬೇಕು, ಒಂದು ದಿನ ಖಾಲಿಯಾದರೂ ಹಲಗೆ ಇಳಿಯಬೇಕು. ಬಿದ್ದವನ ಮೇಲೆ ಕಲ್ಲು ಹಾಕುತ್ತಿದ್ದಾರೆಂದು ಸಭೆ ಗೊಣಗಿತು. ಹಿಂದಿನ ಸಾಲಿನಿಂದ ಪುಂಡರೀಕಾಕ್ಷರ ದನಿ ಬಂತು:

"ಬರ್ಕೊಳ್ಳಿ. ನಾಳೆಯಿಂದ ಒಂದು ದಿನ ಖಾಲಿ ಇದ್ರೆ ನನ್ನ ಹೆಸರು ಬೇರೆ ಇಡಿ."

ಮರುದಿನ ಐದಕ್ಕೆ ಅವರು ಬರೆದರು. ಏಳಕ್ಕೆ ಇಳಿದು ಬಂದವರು ಕಂಡದ್ದು ಬೇರೆಯೇ. ಮನುಷ್ಯನ ದೇಹದ ಮೂಳೆಗಳು 208 ಎಂದು ಬರೆದಿದ್ದ ಕಡೆ ಆ ಅಂಕಿಗೆ ಅಡ್ಡಗೆರೆ ಬಿದ್ದು, ಪಕ್ಕದಲ್ಲಿ ಹಸಿರು ಸೀಮೆಸುಣ್ಣದಲ್ಲಿ ಅಚ್ಚಿನಂಥ ಅಂಕಿ: 206.

ಇನ್ನೇನು ಜಗಳವೇ ಎಂದು ಎಲ್ಲರೂ ಕಾದರು. ಪುಂಡರೀಕಾಕ್ಷರು ಹಲಗೆಯನ್ನು ನೋಡಿದರು. ಮೂರು ಮಹಡಿಗಳಿಗೂ ಕೇಳುವಂತೆ ಕೂಗಿದರು:

"ಸುಂದರೀ, ಇಳಿದು ಬಾ! ಯಾರೋ ಓದ್ತಾ ಇದ್ದಾರೆ ಮಾರಾಯ್ತಿ! ಪೂರಾ ಓದ್ತಾ ಇದ್ದಾರೆ!"

ಅಂದಿನಿಂದ ಹಸಿರು ದಿನವೂ ಬಂದಿತು. ಬೆಳಿಗ್ಗೆ ಐದರಿಂದ ಏಳರೊಳಗೆ, ದಿನಕ್ಕೊಂದೇ ತಿದ್ದುಪಡಿ. ಯಾರೆಂದು ತಿಳಿಯಲಿಲ್ಲ. ಕಟ್ಟಡದಲ್ಲಿ ವಾದಗಳಾದವು, ಪಂದ್ಯ ಕಟ್ಟಿದರು, ಒಬ್ಬಿಬ್ಬರು ನಿದ್ದೆಗೆಟ್ಟು ಹೊಂಚುಹಾಕಲು ಹೊರಟರು. ಅವರನ್ನು ತಡೆದವರು ಪುಂಡರೀಕಾಕ್ಷರೇ. "ಹಿಡಿದ್ರೆ ಆಟ ಮುಗೀತದೆ," ಎನ್ನುತ್ತಿದ್ದರು. ಅಶ್ವತ್ಥನಾರಾಯಣರು ಮಾತ್ರ ಏಳಕ್ಕೆ ಬಂದವರೇ ರೇಗುತ್ತಿದ್ದರು: "ಯಾರ್ರೀ ಇದು, ಸೊಸೈಟಿ ಆಸ್ತಿ ಮೇಲೆ ಹಸಿರು ಬಳಿಯೋದು?"

*

"ನಾಳೆ ಏನು ಮಾಡುವುದು ಮಗಾ?"

ಸುಂದರಿ ಮಗನನ್ನು ಮೆಟ್ಟಿಲ ಮರೆಗೆ ಕರೆದು ಕೇಳಿದರು. ನವಿ ಮುಂಬಯಿಯ ಸೀವುಡ್ಸಿನಲ್ಲಿ ಮನೆ ಮಾಡಿಕೊಂಡಿದ್ದ ಸುಜನ್ ತಂದೆಯನ್ನು ಭಾನುವಾರ ಆಸ್ಪತ್ರೆಗೆ ಸೇರಿಸಲೆಂದು ಹಿಂದಿನ ಸಂಜೆಯೇ ಬಂದಿದ್ದ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಅದು ಭಾನುವಾರದವರೆಗೆ ಕಾಯಲಿಲ್ಲ.

"ಅಮ್ಮ, ಈಗ ಬೋರ್ಡಿನ ಚಿಂತೆ ಯಾಕೆ?"

"ಮತ್ತೆ ಯಾವುದರ ಚಿಂತೆ? ಅವರು ಕಟ್ಟಿದ್ದು ಮನೆಯಲ್ಲ, ಬಂಗಾರವಲ್ಲ. ಅದೊಂದೇ. ಅವರ ಬೂದಿ ತಣಿಯುವ ಮೊದಲು ಅಲ್ಲಿ ಟಪಾಲು ಪೆಟ್ಟಿಗೆ ಹೊಡೆಯುವುದಾ?" ಸುಂದರಿ ಮಗನ ತೋಳು ಹಿಡಿದರು. "ನಾನು ನೋಡಿ ಬರೆಯುವವಳು. ಹುಡುಕಿ ಬರೆಯಲು ನನ್ನಿಂದಾಗದು. ನಿನ್ನೆ ಸಂಜೆ ಅವರು ಹೇಳಿದ್ರು, ಭಾನುವಾರದಿಂದ ಬರೆಯಲು ಒಬ್ಬರನ್ನು ಕೇಳ್ಬೇಕು, ಹೇಗೆ ಕೇಳುವುದು ಅಂತ ಗೊತ್ತಾಗ್ತಿಲ್ಲ ಅಂತ. ಯಾರು ಅಂದ್ರೆ ನಗಾಡಿದ್ರು. ಅದು ಆ ಹಸಿರು ಚಾಕಿನವರೇ ಮಗಾ. ಬೇರೆ ಯಾರು? ಅವರನ್ನು ಹಿಡಿ. ನಾಳೆ ಏಳರೊಳಗೆ ಹಿಡಿ."

ಸುಜನ್ ಹಲಗೆಯತ್ತ ತಿರುಗಿದ. ಹತ್ತು ಬಿಳಿ ಸಾಲುಗಳಿದ್ದವು. ಹಸಿರಿನ ಸುಳಿವಿರಲಿಲ್ಲ.

ಇರುವುದಾದರೂ ಹೇಗೆ? ಐದೂವರೆಯಿಂದ ಪಡಸಾಲೆಯಲ್ಲಿ ಜನ. ಸೀಮೆಸುಣ್ಣ ಜೇಬಿನಲ್ಲಿಟ್ಟುಕೊಂಡು ಯಾರೋ ಒಬ್ಬರು ಇದೇ ಗುಂಪಿನಲ್ಲಿ, ಜಾಗ ಖಾಲಿಯಾಗುವುದನ್ನೇ ಕಾಯುತ್ತಿರಬೇಕು!

ಗುಟ್ಟು ಐದು ನಿಮಿಷದಲ್ಲಿ ಇಡೀ ಕಟ್ಟಡ ಹತ್ತಿತು. ಸಾವಿನ ಮನೆಯ ಪಿಸುಮಾತಿಗೆ ಹೊಸ ಬಿಸಿ ಬಂದಿತು.

"ನಿಮ್ಮ ಕಡೆ ಬಣ್ಣದ ಚಾಕ್ ಅದಾವಲ್ರಿ, ಟೀಚರ?" ಮೆಟ್ಟಿಲು ಗುಡಿಸುವ ಬಾಗಿ, ಕಲಬುರ್ಗಿ ಕಡೆಯವಳು, ಹೂವಿನ ಬುಟ್ಟಿ ಇಳಿಸುತ್ತ ಕೆಣಕಿದಳು.

"ಅದಾವ. ಆದ್ರ ನಾ ತಿದ್ದಿದ್ರ ಕೆಳಗ ಸಹಿ ಮಾಡ್ತೀನಿ, ಮಾರ್ಕ್ಸೂ ಕೊಡ್ತೀನಿ. ನೀನ ನಸುಕಿನ್ಯಾಗ ಎದ್ದು ಬರೋಳು. ನಿನ್ನ ಮ್ಯಾಲೆ ನಂದು ಸಂಶಯ."

"ನನ್ನ ಮ್ಯಾಲಾ? ಯವ್ವ, ಪ್ಲೂಟೋ ಸತ್ತಾಗ ಅದ್ಯಾರ ಮನಿಯ ನಾಯಿ ಅಂತ ಕೇಳಿದಾಕಿ ನಾನು!"

ಸುಂದರಿಯ ತುಟಿಯಂಚಿನಲ್ಲೂ ನಗು ಸುಳಿಯಿತು. ಸುಜನನ ಮಗಳು ಅಶ್ಮಿತಾ ಅಜ್ಜನ ಪಾದದ ಬಳಿ ಕುಳಿತು ಮುಖವೊರೆಸಿಕೊಂಡಳು. "ಪಪ್ಪಾ, ನಾವೆಲ್ಲ ಹೋದ ಮೇಲೆ ಹೀ ಆಯೇಗಾ ವೋ, ಆಮೇಲೇ ಬರ್ತಾರೆ ಅವರು. ಕಿಸೀಕೋ, ಯಾರನ್ನಾದ್ರೂ ಇಲ್ಲಿ ಕೂರಿಸಿ."

ಸುಜನ್ ಹಾಗೆಯೇ ಮಾಡಿದ. ಗಂಡಸರು ಸ್ಮಶಾನಕ್ಕೆ ಹೋದ ಮೇಲೆ ಮೊದಲ ಮಹಡಿಯ ತಿರುವಿನಲ್ಲಿ ಕುಳಿತು ಹಲಗೆ ಕಾಯಬೇಕೆಂದು ವನಮಾಲಾ ಟೀಚರಿಗೆ ಹೇಳಿದ.

ಹತ್ತು ಗಂಟೆಗೆ ಶವವಾಹನ ಬಂತು. ತುಳಸಿ ನೀರು ಬಿಟ್ಟು ದೇಹ ಎತ್ತುವ ಹೊತ್ತಿಗೆ ಅಶ್ವತ್ಥನಾರಾಯಣರು ಹಿಂದೆ ಸರಿದರು.

"ನೀವು ಹೊರಡಿ. ನೀರಿನ ಟ್ಯಾಂಕರ್ ಬರುತ್ತೆ. ಪಂಪಿನ ಬೀಗ ನನ್ನ ಹತ್ರ ಇದೆ."

ಹೆಗಲು ಕೊಟ್ಟಿದ್ದವರೆಲ್ಲ ತಿರುಗಿ ನೋಡಿದರು. ಹನ್ನೊಂದು ವರ್ಷದ ಹಗೆ ಸಾವಿಗೂ ಮಣಿಯದೆ? ಸುಜನ್ ಹಲ್ಲು ಕಚ್ಚಿದ. "ಬರದಿದ್ರೆ ಬೇಡ ಸಾರ್. ಅಪ್ಪ ಏನೂ ನಿಮ್ಮ ದಾರಿ ಕಾಯುವುದಿಲ್ಲ."

ಅಶ್ವತ್ಥನಾರಾಯಣರು ಪಂಪಿನತ್ತ ತಿರುಗಿ ನಡೆದರು.

*

ಅವರು ಸ್ಮಶಾನಕ್ಕೆ ಬಂದರು. ಮುಕ್ಕಾಲು ಗಂಟೆ ತಡವಾಗಿ, ರಿಕ್ಷಾದಲ್ಲಿ, ಏದುಸಿರು ಬಿಡುತ್ತ. ಚಿತೆಗೆ ಕೊನೆಯ ಕಟ್ಟಿಗೆ ಜೋಡಿಸುತ್ತಿದ್ದರು.

ಸುಜನನ ಕಣ್ಣಿಗೆ ಒಂದು ವಿಚಿತ್ರ ಬಿದ್ದಿತು. ಎಲ್ಲರೂ ಕೈ ತೊಳೆಯುವುದು ದಹನ ಮುಗಿದ ಮೇಲೆ. ಈ ಮನುಷ್ಯ ತೊಳೆದುಕೊಂಡೇ ಬಂದಿದ್ದರು. ಇಸ್ತ್ರಿಯ ತೋಳು ಮೊಣಕೈವರೆಗೆ ಒದ್ದೆ. ಪಂಪಿನ ಗ್ರೀಸ್ ಇರಬಹುದು ಎಂದುಕೊಂಡ.

ಅಶ್ವತ್ಥನಾರಾಯಣರು ಒಂದು ಚಿಕ್ಕ ಗಂಧದ ಚಕ್ಕೆಯನ್ನು ಎದೆಯ ಮೇಲಿಟ್ಟು ಬಾಗಿದರು. ತುಟಿ ಅಲುಗಿತು. ಮಾತು ಪೂರ್ತಿ ಕೇಳಿಸಲಿಲ್ಲ. ಒಂದು ಶಬ್ದ ಮಾತ್ರ ಸುಜನನ ಕಿವಿಗೆ ಸ್ಪಷ್ಟವಾಗಿ ಬಿದ್ದಿತು.

"...ಸಿಡ್ನಿ..."

ಇಲ್ಲಿಯೂ ಆ ಮೂದಲಿಕೆಯೇ? ಕೈಯಲ್ಲಿ ಬೆಂಕಿ ಇಲ್ಲದಿದ್ದರೆ ಸುಜನ್ ಅವರ ಕೊರಳಪಟ್ಟಿ ಹಿಡಿಯುತ್ತಿದ್ದನೋ ಏನೋ. ಪುರೋಹಿತರು ಅವಸರಿಸಿದರು. ಬೆಂಕಿ ಹತ್ತಿತು.

*

ಮರಳಿ ಬರುವಾಗ ಒಂದೂವರೆ. ಗೇಟಿನಲ್ಲಿಯೇ ವನಮಾಲಾ ಟೀಚರ್ ನಿಂತಿದ್ದರು.

"ತಪ್ಪಾತಪ್ಪಾ, ಸುಜನ! ಐದು ನಿಮಿಷ, ಐದಽ ನಿಮಿಷ! ನಿಮ್ಮವ್ವಗ ಚಕ್ಕರ್ ಬಂತು ಅಂತ ಅಶ್ಮಿತಾ ಕೂಗಿದ್ಲು, ಮ್ಯಾಲೆ ಓಡಿದೆ. ಬಾಗಿ ಟ್ಯಾಂಕರಿನ ಪೈಪ್ ಹಿಡಿಲಿಕ್ಕೆ ಹೋಗಿದ್ಲು. ಇಳಿದು ಬಂದು ನೋಡ್ತೀನಿ..."

ಸುಜನ್ ಒದ್ದೆ ಬಟ್ಟೆಯಲ್ಲೇ ಒಳಗೆ ನುಗ್ಗಿದ.

ಒಂಬತ್ತನೆಯ ಸಾಲು. 35ಕ್ಕೆ ಅಡ್ಡಗೆರೆ. ಪಕ್ಕದಲ್ಲಿ ಅಚ್ಚಿನಂಥ ಹಸಿರು ಅಂಕಿ: 36.

"ಬಂದಿದ್ದಾರೆ!" ಅವನಿಗೆ ಅರಿವಿಲ್ಲದೆಯೇ ತಂದೆಯ ದನಿ ಗಂಟಲಿನಿಂದ ಹೊರಟಿತು. "ಅಮ್ಮ, ಬಂದಿದ್ದಾರೆ!"

ಸ್ನಾನ ಮುಗಿಸಿ ಮೇಲೆ ಹೋದಾಗ ಸುಂದರಿ ಬೆಳಗಿನ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅವರ ಮನೆಯ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್. ಪುಂಡರೀಕಾಕ್ಷರು ಪ್ರತಿ ದಿನದ ಹತ್ತನ್ನು ಹಿಂದಿನ ರಾತ್ರಿಯೇ ಆ ದಿನದ ಹಾಳೆಯ ಬೆನ್ನಿಗೆ ಬರೆದಿಡುತ್ತಿದ್ದರು. ಬೆಳಿಗ್ಗೆ ಹರಿದುಕೊಂಡು ಇಳಿಯುತ್ತಿದ್ದರು.

"ಇಲ್ಲಿ ನೋಡು ಮಗಾ. ಬೆಳಿಗ್ಗೆ ಕತ್ತಲಲ್ಲಿ ಸರಿಯಾಗಿ ನೋಡಲಿಲ್ಲ ನಾನು."

ಒಂಬತ್ತನೆಯ ಸಾಲಿನಲ್ಲಿ ಪುಂಡರೀಕಾಕ್ಷರು ಮೊದಲು 36 ಎಂದೇ ಬರೆದಿದ್ದರು. ಅದಕ್ಕೆ ತಾವೇ ಗೆರೆ ಹೊಡೆದು ಮೇಲೆ 35 ಎಂದು ಬರೆದಿದ್ದರು.

"ಸರಿ ಇದ್ದದ್ದನ್ನು ಹೊಡೆದು ತಪ್ಪು ಮಾಡಿದ್ದಾರೆ," ಎಂದರು ಸುಂದರಿ ನಿಧಾನವಾಗಿ. "ನೆನಪು ತಪ್ಪಿತೋ ಏನೋ ಪಾಪ."

ಸುಜನ್ ಅಟ್ಟದಿಂದ ಹೋಟೆಲಿನ ಹಳೆಯ ಬಿಸ್ಕತ್ತಿನ ಡಬ್ಬಿಗಳನ್ನು ಇಳಿಸಿದ. ಹನ್ನೊಂದು ವರ್ಷದ ಹಾಳೆಗಳು ಅವುಗಳಲ್ಲಿದ್ದವು. ಒಂದನ್ನೆತ್ತಿದ: ಜೇಡಕ್ಕೆ ಎಂಟು ಕಾಲು, ಎಂಟಕ್ಕೆ ಗೆರೆ, ಆರು. ಇನ್ನೊಂದು: ದಕ್ಷಿಣ ಸುಡಾನಿನ ರಾಜಧಾನಿ ಜುಬಾ, ಅದಕ್ಕೆ ಗೆರೆ, ಖಾರ್ಟೂಮ್. ಮತ್ತೊಂದು, ಮಗದೊಂದು. ಅವನ ಕೈ ಅವಸರಿಸಿತು. ಹತ್ತರಲ್ಲಿ ಒಂಬತ್ತು ಸರಿ, ಒಂದು ತಪ್ಪು. ದಿನಕ್ಕೊಂದೇ, ಲೆಕ್ಕ ಹಾಕಿದಂತೆ.

"ನೆನಪು ತಪ್ಪಿದ್ದಲ್ಲ ಅಮ್ಮ. ಬೇಕೂಂತಲೇ ಮಾಡಿದ್ದು. ದಿನಾ ಒಂದು ತಪ್ಪು ಇಟ್ಟಿದ್ದಾರೆ."

"ಯಾಕೆ?"

"ತಿದ್ದುವವರು ಬರ್ಲಿ ಅಂತ."

ಸುಂದರಿ ಬಾಯಿಗೆ ಸೆರಗು ಒತ್ತಿಕೊಂಡರು. ಬೆಳಿಗ್ಗೆಯಿಂದ ಬಾರದ ಅಳು ಆಗ ಬಂದಿತು. ಅದರ ನಡುವೆಯೇ ನಗುವೂ ಬಂದಿತು. "ಕಳ್ಳ... ಸಾಯುವವರೆಗೆ ನನಗೂ ಹೇಳಲಿಲ್ಲ ನೋಡು!"

ಬಾಗಿಲಲ್ಲಿ ನಿಂತಿದ್ದ ವನಮಾಲಾ ಟೀಚರ್ ಕಣ್ಣೊರೆಸಿಕೊಂಡರು. "ಅದಿರ್ಲಿ, ನಾಳೀದು ಹ್ಯಾಂಗ್ರಿ? ಆ ಮನುಷ್ಯಾ ಏಳಕ್ಕ ಬುಕ್ ಹಿಡಕೊಂಡು ಬರ್ತಾನ. ಯಾರು ಅಂತ ಇನ್ನೂ ಸಿಕ್ಕಿಲ್ಲಲ್ಲ..."

ಮೂವರ ಕಣ್ಣೂ ಒಟ್ಟಿಗೇ ಗೋಡೆಗೆ ಹೋದವು. ಶನಿವಾರದ ಹಾಳೆಯನ್ನು ಸುಂದರಿ ನಸುಕಿನಲ್ಲೇ ಹರಿದಿದ್ದರು. ಅಲ್ಲಿ ಈಗ ತೂಗುತ್ತಿದ್ದದ್ದು ಭಾನುವಾರ. ದೊಡ್ಡ ಕೆಂಪು ಮೂರು. ಫ್ಯಾನಿನ ಗಾಳಿಗೆ ಹಾಳೆ ಒಮ್ಮೆ ಎದ್ದು ಬಿದ್ದಿತು. ಅದರ ಬೆನ್ನಿನಲ್ಲಿ ನೀಲಿ ಮಸಿಯ ಗುರುತು ಮಿಂಚಿ ಮರೆಯಾಯಿತು.

ಕೆಳಗೆ ಪಡಸಾಲೆಯಲ್ಲಿ ಯಾರೋ ಒಬ್ಬರೇ ನಿಂತು ಕೆಮ್ಮಿದ ಸದ್ದಾಯಿತು.

ಸುಜನ್ ಸ್ಟೂಲಿನ ಮೇಲೆ ಹತ್ತಿ ಹಾಳೆಯನ್ನು ಹರಿಯದೆ, ಎರಡು ಬೆರಳಿನಲ್ಲಿ ಮೆಲ್ಲನೆ ಮಗುಚಿದ. ಹತ್ತು ಸಂಗತಿಗಳಿರಲಿಲ್ಲ. ಒಂದೂ ಅಂಕಿಯಿರಲಿಲ್ಲ, ಹೊಡೆದು ಹಾಕಿದ ಒಂದು ಅಕ್ಷರವೂ ಇರಲಿಲ್ಲ. ಹಾಳೆಯ ನಟ್ಟನಡುವೆ ಒಂದೇ ಸಾಲು:

'ಇಂದಿನಿಂದ ಬರೆಯುವವರು, ಹಸಿರು ಸೀಮೆಸುಣ್ಣದ ಅಶ್ವತ್ಥನಾರಾಯಣ.'